ಶೀತ ತರುವುದು ವೈರಸ್, ಮೈಕೈ ನೋಯಿಸುವುದು ನಾವೇ

ಜೂನ್ ಕೊನೆ, ಆರಿದ್ರಾ ಮಳೆ ಹಿಡಿದಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರ ಮನೆಗೆ ಹೋದರೂ ಒಬ್ಬರಲ್ಲ ಒಬ್ಬರು ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ಶಾಲೆ ಶುರುವಾಗಿ ಮೂರ್ನಾಲ್ಕು ವಾರ ಆಗಿರುತ್ತದೆ ನೋಡಿ, ಮೊದಲು ಮಗು ಶೀತ ತರುತ್ತದೆ. ಆಮೇಲೆ ಅಮ್ಮನಿಗೆ, ಆಮೇಲೆ ಅಜ್ಜನಿಗೆ. ಮಗು ಎರಡೇ ದಿನಕ್ಕೆ ಜಗಲಿಯಲ್ಲಿ ಕುಣಿಯುತ್ತದೆ. ಅಮ್ಮ ನಾಲ್ಕು ದಿನ ನರಳಿಕೊಂಡೇ ಮನೆಗೆಲಸ ಮುಗಿಸುತ್ತಾಳೆ. ಅಜ್ಜನನ್ನು ಮಾತ್ರ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ವೈರಸ್ ಒಂದೇ, ಮನೆಯೂ ಒಂದೇ. ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರದ ದೊಡ್ಡ ಪಾಲು ಮೊದಲ ಮೂರ್ನಾಲ್ಕು ದಿನಗಳಲ್ಲೇ ಇದೆ. ಆಗ ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ವೈರಸ್ಸನ್ನೇ ಗುರುತಿಸಿ ಹಿಡಿಯುವ ಪ್ರೋಟೀನ್, ಇನ್ನೂ ತಯಾರಾಗಿರುವುದಿಲ್ಲ. ದೇಹ ಹಿಂದೆ ಕಂಡಿರದ ವೈರಸ್ಸಿಗೆ ತಕ್ಕ ಆಂಟಿಬಾಡಿ ಹೊರಬರಲು ವಾರ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಅಲ್ಲಿಯವರೆಗೆ ನಮ್ಮನ್ನು ನೋಡಿಕೊಳ್ಳುವುದು ಹುಟ್ಟುವಾಗಲೇ ಜೊತೆಗೆ ಬಂದ ರಕ್ಷಣೆ. ಡಾಕ್ಟರುಗಳು ಇನ್ನೇಟ್ ಇಮ್ಯೂನಿಟಿ ಅನ್ನುತ್ತಾರೆ. ಇದಕ್ಕೆ ಒಳಗೆ ಬಂದಿರುವುದು ಯಾವ ವೈರಸ್ ಎಂದು ಗೊತ್ತಿರಬೇಕಾಗಿಲ್ಲ. ‘ಇದು ನಮ್ಮದಲ್ಲ’ ಎಂದು ತಿಳಿದರೆ ಸಾಕು, ಕೆಲಸ ಶುರು ಮಾಡುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಶೀತ, ಫ್ಲೂ ಅಂದಾಗ ನಾವು ಅನುಭವಿಸುವ ಕಷ್ಟದ ಬಹುಪಾಲು ವೈರಸ್ ಕೊಟ್ಟದ್ದಲ್ಲ. ಜ್ವರ, ಮೈಕೈ ನೋವು, ಮೂಗು ಕಟ್ಟುವುದು, ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದಿರುವುದು, ಇವೆಲ್ಲ ನಮ್ಮ ದೇಹವೇ ಮಾಡುವ ಕೆಲಸದ ಗುರುತುಗಳು. ಆ ಕೆಲಸ ಹೊತ್ತಿಗೆ ಸರಿಯಾಗಿ ಶುರುವಾಗಿ, ಹೊತ್ತಿಗೆ ಸರಿಯಾಗಿ ನಿಂತರೆ ಮಗುವಿನ ಹಾಗೆ ಎರಡು ದಿನಕ್ಕೆ ಎದ್ದು ಓಡಾಡುತ್ತೇವೆ. ತಡವಾಗಿ ಶುರುವಾಗಿ ನಿಲ್ಲದೇ ಹೋದರೆ ಆಸ್ಪತ್ರೆ.

ಮಳೆಯಲ್ಲಿ ನೆಂದಿದ್ದಕ್ಕೇ ಶೀತ ಆಯ್ತು ಅಂತ ಹಿರಿಯರು ಹೇಳುತ್ತಾರೆ. ಮಳೆನೀರಿನಲ್ಲಿ ಶೀತದ ವೈರಸ್ ಇರುವುದಿಲ್ಲ. ಅದು ಬರುವುದು ಇನ್ನೊಬ್ಬರ ಉಸಿರಿನಿಂದ, ಕೆಮ್ಮಿನಿಂದ, ಸಿಂಬಳ ಒರೆಸಿದ ಕೈಯಿಂದ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಹಾಕಿಕೊಂಡು ಎಲ್ಲರೂ ಒಂದೇ ಕಡೆ ಕೂರುತ್ತೇವೆ, ಬಸ್ಸಿನಲ್ಲೂ ಗಾಜು ಮುಚ್ಚಿಕೊಂಡೇ ಹೋಗುತ್ತೇವೆ. ವೈರಸ್ಸಿಗೆ ಅಷ್ಟು ಸಾಕು. ಹಾಗಂತ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಮೂಗಿನ ಒಳಗಿನ ಶಾಖ ಮೈಯ ಶಾಖಕ್ಕಿಂತ ಕಡಿಮೆ, ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ನೆಗಡಿಗೆ ಅತಿ ಹೆಚ್ಚು ಕಾರಣವಾಗುವ ರೈನೋವೈರಸ್ ಆ ತಂಪಿನಲ್ಲೇ ಚೆನ್ನಾಗಿ ಬೆಳೆಯುತ್ತದೆ. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳ ಶ್ವಾಸನಾಳದ ಕೋಶಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. 37 ಡಿಗ್ರಿಯಲ್ಲಿ ಆ ಕೋಶಗಳು ವೈರಸ್ಸನ್ನು ಕಂಡು ಚುರುಕಾಗಿ ಎಚ್ಚರಗೊಂಡವು. 33ರಲ್ಲಿ ಅವೇ ಕೋಶಗಳು ಮಂಕಾಗಿದ್ದವು. ಅಂದರೆ ಥಂಡಿಗೆ ವೈರಸ್ಸನ್ನು ಹುಟ್ಟಿಸಲು ಆಗುವುದಿಲ್ಲ, ಆದರೆ ಮೂಗಿಗೆ ಆಗಲೇ ಬಂದು ಕೂತಿರುವ ವೈರಸ್ಸಿಗೆ ಸ್ವಲ್ಪ ಸಲುಗೆ ಸಿಗಬಹುದು.

ಮೂಗಿಗೆ ಬಂದ ವೈರಸ್ಸಿಗೆ ಮೊದಲು ಎದುರಾಗುವುದು ಲೋಳೆ. ಸಿಂಬಳ ಅಂದರೆ ಅಸಹ್ಯ ಪಡುತ್ತೇವೆ, ಆದರೆ ಆ ಲೋಳೆ ಇಲ್ಲದಿದ್ದರೆ ನಮ್ಮ ಗತಿ ಕಷ್ಟ ಇತ್ತು. ಅದರ ಅಂಟಿಗೆ ದೂಳು, ಬ್ಯಾಕ್ಟೀರಿಯಾ, ವೈರಸ್ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಲೋಳೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ, ಸೀಲಿಯಾ ಎಂದು ಹೆಸರು. ಒಂದೊಂದು ಕೋಶದ ಮೇಲೆ ಸುಮಾರು 200. ಸೆಕೆಂಡಿಗೆ ಹತ್ತು ಹದಿನೈದು ಸಲ, ಎಲ್ಲವೂ ಒಂದೇ ದಿಕ್ಕಿಗೆ ಬಡಿಯುತ್ತವೆ. ಮೂಗಿನಲ್ಲಿ ಹಿಂದಕ್ಕೆ ಗಂಟಲಿನ ಕಡೆಗೆ, ಶ್ವಾಸನಾಳದಲ್ಲಿ ಮೇಲಕ್ಕೆ ಗಂಟಲಿನ ಕಡೆಗೆ. ಗಂಟಲಿಗೆ ಬಂದದ್ದನ್ನು ದಿನವಿಡೀ ನಮಗೇ ಗೊತ್ತಿಲ್ಲದೆ ನುಂಗುತ್ತಿರುತ್ತೇವೆ. ಮುಂದಿನದು ಹೊಟ್ಟೆಯ ಆಸಿಡ್‌ನ ಪಾಲು.

ಈ ಸಾಗಾಟ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನೋಡಲು ಕಿವಿ ಮೂಗು ಗಂಟಲಿನ ಡಾಕ್ಟರುಗಳ ಹತ್ತಿರ ಒಂದು ಹಳೆಯ, ಸುಲಭದ ಪರೀಕ್ಷೆ ಇದೆ. ಸ್ಯಾಕರಿನ್‌ನ ಒಂದು ಸಣ್ಣ ಚೂರನ್ನು ಮೂಗಿನ ಒಳಗೆ, ಸ್ವಲ್ಪ ಹಿಂದಕ್ಕೆ ಇಡುತ್ತಾರೆ. ರೋಗಿ ಸೀನದೆ, ಮೂಗು ಎಳೆಯದೆ ಸುಮ್ನೆ ಕೂತಿರಬೇಕು. ಸ್ವಲ್ಪ ಹೊತ್ತಿಗೆ ನಾಲಿಗೆಯ ಬುಡದಲ್ಲಿ ಸಿಹಿ ಅನ್ನಿಸುತ್ತದೆ. ಸಾಮಾನ್ಯವಾಗಿ 20 ನಿಮಿಷದ ಒಳಗೆ ಅನ್ನಿಸಬೇಕು. ಬೀಡಿ ಸಿಗರೇಟು ಸೇದುವವರಿಗೆ ತಡವಾಗುತ್ತದೆ. ಹೊಗೆಗೆ ಆ ಕೂದಲುಗಳು ನಿಧಾನವಾಗುತ್ತವೆ, ಜಾಸ್ತಿಯಾದರೆ ಉದುರಿಯೂ ಹೋಗುತ್ತವೆ. ನಮ್ಮಲ್ಲಿ ಬಚ್ಚಲೊಲೆಯ ಮುಂದೆ, ಅಡಿಕೆ ಬೇಯಿಸುವ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವ ಹೆಂಗಸರನ್ನು ಯಾರೂ ಬೀಡಿ ಸೇದುವವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವರ ಶ್ವಾಸನಾಳಕ್ಕೆ ಆ ಭೇದ ಗೊತ್ತಿಲ್ಲ.

ಲೋಳೆಯನ್ನೂ ದಾಟಿ ಒಂದು ವೈರಸ್ ಕೋಶದ ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಫ್ಲೂ ವೈರಸ್ ಆದರೆ ಆರೆಂಟು ಗಂಟೆಯಲ್ಲಿ ಅದೇ ಕೋಶದಿಂದ ಹೊಸ ವೈರಸ್ಸುಗಳು ಹೊರಬರಲು ಶುರುವಾಗುತ್ತವೆ. ಅಷ್ಟರೊಳಗೆ ಕೋಶಕ್ಕೆ ಗೊತ್ತಾಗಬೇಕು. ಹೇಗೆ ಗೊತ್ತಾಗುತ್ತದೆ?

ಉಸಿರಾಟದ ದಾರಿಯಲ್ಲಿ ಬರುವ ಬಹಳಷ್ಟು ವೈರಸ್ಸುಗಳ ವಂಶವಾಹಿ ಆರ್‌ಎನ್‌ಎಯಲ್ಲಿ ಇರುತ್ತದೆ. ಆರ್‌ಎನ್‌ಎ ನಮ್ಮ ಕೋಶಗಳಲ್ಲೂ ಬೇಕಾದಷ್ಟಿದೆ. ಆದರೆ ಪ್ರೋಟೀನ್ ತಯಾರಿಗೆ ಬಳಸುವ ನಮ್ಮ ಆರ್‌ಎನ್‌ಎ ಎಳೆಯ ತುದಿಗೆ ಒಂದು ರಾಸಾಯನಿಕ ಮುಚ್ಚಳ ಇರುತ್ತದೆ. ಫ್ಲೂ ವೈರಸ್ಸಿನ ಎಳೆಯ ತುದಿ ಬೋಳು. ಕೋಶದೊಳಗೆ ರಿಗ್-ಐ ಎಂಬ ಪ್ರೋಟೀನ್ ಇದೆ, ಅದು ಈ ಬೋಳು ತುದಿಯನ್ನು ಹಿಡಿಯುತ್ತದೆ. ಎಂಡಿಎ-5 ಎಂಬ ಇನ್ನೊಂದು, ಉದ್ದದ ಜೋಡಿ ಎಳೆಯ ಆರ್‌ಎನ್‌ಎಯನ್ನು ಹಿಡಿಯುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಅಂಥ ಉದ್ದದ ಜೋಡಿ ಎಳೆ ಸಾಮಾನ್ಯವಾಗಿ ಇರುವುದಿಲ್ಲ. ವೈರಸ್ ತನ್ನ ನಕಲು ತೆಗೆಯುವಾಗ ಮೂಡುತ್ತದೆ. ಇವಲ್ಲದೆ ಟೋಲ್ ಎಂಬ ಹೆಸರಿನ ಗ್ರಾಹಕಗಳ (ತಮಗೆ ಹೊಂದುವ ವಸ್ತು ಬಂದರೆ ಗುರುತಿಸಿ ಹಿಡಿಯುವ ಪ್ರೋಟೀನುಗಳ) ಗುಂಪೊಂದಿದೆ. ಇವು ಮೊದಲು ಬೆಳಕಿಗೆ ಬಂದದ್ದು ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣದಲ್ಲಿ. ಟೋಲ್ ಕೆಟ್ಟಿರುವ ನೊಣಕ್ಕೆ ಬೂಷ್ಟು ಹಿಡಿದು ಸಾಯುತ್ತದೆ ಎಂದು ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು. ಇಲಿಯಲ್ಲೂ ಇಂಥದ್ದೇ ಗ್ರಾಹಕ ಇದೇ ಕೆಲಸ ಮಾಡುತ್ತದೆ ಎಂದು 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ತೋರಿಸಿದರು. 2011ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ವೈರಸ್ ಸಿಕ್ಕಿಬಿದ್ದ ಮೇಲೆ ಕೋಶ ಮಾಡುವ ಕೆಲಸವೇ ಈ ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಭಾಗ. ಅದು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಸಾಮಾನ್ಯವಾಗಿ ಈ ವಿಷಯ ವಿವರಿಸುವವರು ಸೈನ್ಯ, ಕೋಟೆ, ಯುದ್ಧ ಅಂತೆಲ್ಲ ಹೇಳುತ್ತಾರೆ. ಇಂಟರ್‌ಫೆರಾನ್ ವಿಚಾರದಲ್ಲಿ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಇಂಟರ್‌ಫೆರಾನ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಭತ್ತದ ಗದ್ದೆಗೆ ಹಂದಿ ಬಂದಾಗ ಮಾಳದಲ್ಲಿ ಕೂತವನು ಕೂಗು ಹಾಕುತ್ತಾನಲ್ಲ, ಹಾಗೆ ಇದು. ಅವನ ಗದ್ದೆಯಲ್ಲಿ ಆದ ನಷ್ಟ ಆಗಿಹೋಯಿತು. ಆದರೆ ಪಕ್ಕದ ಗದ್ದೆಯವನು ಎದ್ದು ಕೂರುತ್ತಾನೆ, ಡಬ್ಬ ಬಡಿಯುತ್ತಾನೆ, ಅವನ ಕೂಗು ಅದರಾಚೆಯವನಿಗೆ ಕೇಳುತ್ತದೆ. ಇಂಟರ್‌ಫೆರಾನ್ ತಾಗಿದ ಅಕ್ಕಪಕ್ಕದ ಕೋಶಗಳೂ ವೈರಸ್ ಬರುವ ಮೊದಲೇ ಸಿದ್ಧವಾಗುತ್ತವೆ.

ಸಿದ್ಧವಾಗುವುದು ಅಂದರೆ ನೂರಾರು ಜೀನುಗಳು ಒಮ್ಮೆಗೇ ಚಾಲೂ ಆಗುವುದು. ಒಂದು ಪ್ರೋಟೀನ್ ಕೋಶದ ಪೊರೆಯನ್ನು ಬಿಗಿ ಮಾಡಿ ವೈರಸ್ ಒಳಗೆ ಬರುವುದನ್ನೇ ತಡೆಯುತ್ತದೆ. ಇನ್ನೊಂದು ಒಳಗೆ ಬಂದ ಫ್ಲೂ ವೈರಸ್ಸಿನ ಸಾಮಾನಿಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಮತ್ತೊಂದು ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತದೆ, ವೈರಸ್ಸಿನದನ್ನೂ ತನ್ನದನ್ನೂ. ಪಿಕೆಆರ್ ಎಂಬುದು ಕೋಶದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ. ವೈರಸ್ಸಿಗೆ ಪ್ರೋಟೀನ್ ಮಾಡಿಕೊಳ್ಳಲು ಬೇರೆ ದಾರಿಯಿಲ್ಲ, ಹಾಗಾಗಿ ಅದು ನಿಲ್ಲುತ್ತದೆ. ಆದರೆ ಕೋಶವೂ ತನ್ನ ಕೆಲಸ ಬಿಟ್ಟು ಕೂತಿರುತ್ತದೆ. ಈ ರಕ್ಷಣೆ ಪುಕ್ಕಟೆ ಸಿಗುವುದಲ್ಲ. ಇದೇ ಸ್ಥಿತಿಯಲ್ಲಿ ಕೋಶಗಳು ದಿನಗಟ್ಟಲೆ ಇದ್ದರೆ ಅಂಗಾಂಶ ರಿಪೇರಿಯಾಗುವುದೂ ತಡವಾಗುತ್ತದೆ.

ಇಂಟರ್‌ಫೆರಾನನ್ನು ಕಂಡುಹಿಡಿದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯ ತುಂಡುಗಳಿಗೆ ಬಿಸಿಯಿಂದ ಸಾಯಿಸಿದ ಫ್ಲೂ ವೈರಸ್ ಹಾಕಿದರು. ಆ ಪೊರೆ ಇದ್ದ ದ್ರವವನ್ನು ತೆಗೆದು ಹೊಸ ಪೊರೆಗೆ ಹಾಕಿ, ಆಮೇಲೆ ಜೀವಂತ ವೈರಸ್ ಬಿಟ್ಟರು. ವೈರಸ್ ಬೆಳೆಯಲಿಲ್ಲ. ದ್ರವದಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಕಾಕತಾಳೀಯ ನೋಡಿ, ಅದೇ 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಮಂಗನ ಕಾಯಿಲೆಯ ವೈರಸ್ ಗುರುತಾದದ್ದು ಆಗಲೇ. ಅದು ಉಸಿರಿನಿಂದ ಬರುವುದಲ್ಲ, ಉಣ್ಣೆ ಕಚ್ಚಿ ಬರುವುದು. ಆದರೂ ಶುರುವಿನಲ್ಲಿ ಜ್ವರ, ತಲೆನೋವು, ಮೈಕೈ ನೋವು ಫ್ಲೂವಿನಂತೆಯೇ ಇರುತ್ತವೆ, ಯಾಕೆಂದರೆ ಯಾವ ವೈರಸ್ ಬಂದರೂ ದೇಹ ಮೊದಲು ಆಡುವ ಆಟ ಹೆಚ್ಚುಕಡಿಮೆ ಇದೇ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ ಬಂದರೆ ಆ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಇಂಟರ್‌ಫೆರಾನ್‌ನಲ್ಲೂ ಬಗೆಗಳಿವೆ. ಲ್ಯಾಂಬ್ಡಾ ಎಂಬ ಬಗೆ ಬೆಳಕಿಗೆ ಬಂದದ್ದು 2003ರಲ್ಲಿ. ಅದನ್ನು ಗುರುತಿಸುವ ಗ್ರಾಹಕಗಳು ಮುಖ್ಯವಾಗಿ ಮೂಗು, ಶ್ವಾಸನಾಳ, ಕರುಳಿನ ಒಳಪದರದಲ್ಲಿ ಇವೆ. ಹಾಗಾಗಿ ಅದು ಗಲಾಟೆಯಿಲ್ಲದೆ ಅಲ್ಲಲ್ಲೇ ಕೆಲಸ ಮುಗಿಸುತ್ತದೆ. ಆಲ್ಫಾ ಮತ್ತು ಬೀಟಾ ಬಗೆಗಳ ಗ್ರಾಹಕ ಮೈಯೆಲ್ಲ ಇದೆ. ಅವು ಜಾಸ್ತಿಯಾದಾಗ ಮನುಷ್ಯ ಮಲಗುತ್ತಾನೆ.

ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಇಂಜೆಕ್ಷನ್ ಆದ ಕೆಲವೇ ಗಂಟೆಗೆ ಅವರಿಗೆ ಚಳಿ, ಜ್ವರ, ಮೈಕೈ ನೋವು ಬರುತ್ತಿತ್ತು. ಥೇಟ್ ಫ್ಲೂ, ಆದರೆ ಫ್ಲೂ ವೈರಸ್ ಎಲ್ಲೂ ಇಲ್ಲ. ನಿಮಗೂ ನೆನಪಿರಬಹುದು, 2021ರಲ್ಲಿ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡ ರಾತ್ರಿ ಎಷ್ಟು ಜನ ರಗ್ಗು ಹೊದ್ದು ನಡುಗಿದರು. ಆ ಲಸಿಕೆಯಲ್ಲಿದ್ದ ವೈರಸ್ಸಿಗೆ ದೇಹದಲ್ಲಿ ಬೆಳೆಯುವ ಶಕ್ತಿಯೇ ಇರಲಿಲ್ಲ. ನಡುಗಿಸಿದ್ದು ನಮ್ಮದೇ ಎಚ್ಚರಿಕೆಯ ಪ್ರೋಟೀನುಗಳು.

ಜ್ವರ ಬರುವುದೂ ಹೀಗೇ. ರಕ್ಷಣೆಯ ಕೋಶಗಳು ಬಿಟ್ಟ ರಾಸಾಯನಿಕಗಳಿಂದಾಗಿ ಮೆದುಳಿನಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಜಾಸ್ತಿಯಾಗುತ್ತದೆ. ಮೈ ಎಷ್ಟು ಬಿಸಿಯಿರಬೇಕು ಎಂದು ಗೊತ್ತುಮಾಡುವ ಜಾಗದಲ್ಲಿ ಲೆಕ್ಕ ಮೇಲಕ್ಕೇರುತ್ತದೆ. 98.6 ಫ್ಯಾರನ್‌ಹೀಟ್ ಇದ್ದದ್ದು 102 ಆಗಬೇಕು ಎಂದು ಮೆದುಳು ನಿರ್ಧರಿಸಿದ ಕ್ಷಣದಲ್ಲಿ 99 ಇರುವ ಮೈ ಅದಕ್ಕೆ ತಣ್ಣಗೆ ಅನ್ನಿಸುತ್ತದೆ. ಅದಕ್ಕೇ ಚಳಿ, ಅದಕ್ಕೇ ನಡುಕ. ನಡುಗಿದರೆ ಸ್ನಾಯುಗಳಿಂದ ಶಾಖ ಹುಟ್ಟುತ್ತದೆ. ಪ್ಯಾರಾಸಿಟಮಾಲ್ ಆ ಪ್ರೊಸ್ಟಗ್ಲ್ಯಾಂಡಿನ್ ತಯಾರಿಯನ್ನು ತಗ್ಗಿಸುತ್ತದೆ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಮೈ ಬಿಸಿಯಾದಷ್ಟೂ ಕೆಲವು ವೈರಸ್ಸುಗಳು ನಿಧಾನವಾಗುತ್ತವೆ, ನಮ್ಮ ಬಿಳಿ ರಕ್ತಕಣಗಳು ಚುರುಕಾಗುತ್ತವೆ. ಹಾಗಂತ ಒದ್ದಾಡಿಕೊಂಡು ಜ್ವರ ಸಹಿಸಬೇಕು ಎಂದು ನಾನು ಹೇಳುತ್ತಿಲ್ಲ. ನಿದ್ದೆ ಬಾರದಷ್ಟು ನೋವಿದ್ದರೆ ಮಾತ್ರೆ ತೆಗೆದುಕೊಳ್ಳಿ. ಥರ್ಮಾಮೀಟರ್ 100 ತೋರಿಸಿದ ಕೂಡಲೇ ಗಾಬರಿಬಿದ್ದು ಮಾತ್ರೆ ಹುಡುಕಬೇಕಾಗಿಲ್ಲ, ಅಷ್ಟೇ. ಎಳೆ ಮಕ್ಕಳ ಮಾತು ಬೇರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸೀದಾ ಆಸ್ಪತ್ರೆಗೆ ಹೋಗಬೇಕು.

ಕೂಗು ಕೇಳಿ ಬರುವ ಕೋಶಗಳಲ್ಲಿ ಮೂರನ್ನು ಹೇಳಿ ಮುಂದೆ ಹೋಗುತ್ತೇನೆ. ಮ್ಯಾಕ್ರೋಫೇಜ್‌ಗಳು ಶ್ವಾಸಕೋಶದಲ್ಲಿ ಮೊದಲಿಂದಲೂ ಇರುತ್ತವೆ. ಸತ್ತ ಕೋಶ, ವೈರಸ್, ದೂಳು ಎಲ್ಲವನ್ನೂ ನುಂಗುತ್ತವೆ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳದು ವಿಚಿತ್ರ ಲೆಕ್ಕ. ನಮ್ಮ ಬಹುತೇಕ ಕೋಶಗಳು ಒಳಗೆ ತಯಾರಾಗುತ್ತಿರುವ ಪ್ರೋಟೀನಿನ ಚೂರುಗಳನ್ನು ಮೈಮೇಲೆ ಇಟ್ಟು ತೋರಿಸುತ್ತಿರುತ್ತವೆ. ಸಿಕ್ಕಿಬೀಳಬಾರದು ಎಂದು ಕೆಲವು ವೈರಸ್ಸುಗಳು ಈ ತೋರಿಸುವುದನ್ನೇ ನಿಲ್ಲಿಸಿಬಿಡುತ್ತವೆ. ಏನನ್ನೂ ತೋರಿಸದ ಕೋಶವನ್ನು ಕಂಡರೆ ಎನ್‌ಕೆ ಕೋಶ ಅದನ್ನು ಸಾಯಿಸುತ್ತದೆ. ಮೂರನೆಯದು ನ್ಯೂಟ್ರೋಫಿಲ್. ದೊಡ್ಡವರ ರಕ್ತದ ಬಿಳಿಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಇವುಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇದೆ. ಶೀತದ ಮೂರ್ನಾಲ್ಕನೆಯ ದಿನ ಸಿಂಬಳ ಹಳದಿ, ಹಸಿರು ಆಗುವುದು ಅದರಿಂದ. ‘ಹಸಿರು ಬಂತು, ಇನ್ಫೆಕ್ಷನ್ ಆಗಿದೆ, ಆ್ಯಂಟಿಬಯೋಟಿಕ್ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವವರು ತುಂಬಾ ಜನ. ಬರೀ ಬಣ್ಣ ನೋಡಿ ಬ್ಯಾಕ್ಟೀರಿಯಾ ಎಂದು ಹೇಳಲು ಬರುವುದಿಲ್ಲ. ವೈರಸ್ಸಿಗಂತೂ ಆ್ಯಂಟಿಬಯೋಟಿಕ್ ತಾಗುವುದೇ ಇಲ್ಲ.

ಈಗ ಅಜ್ಜನ ವಿಷಯಕ್ಕೆ ಬರೋಣ. ವಯಸ್ಸಾದಂತೆ ಇಂಟರ್‌ಫೆರಾನ್ ತಯಾರಿ ನಿಧಾನವಾಗುತ್ತದೆ, ಕಡಿಮೆಯೂ ಆಗುತ್ತದೆ. ಅದೇ ಹೊತ್ತಿಗೆ ಮೈಯೊಳಗೆ ಸಣ್ಣ ಮಟ್ಟದ ಉರಿಯೂತ ಯಾವಾಗಲೂ ಇದ್ದೇ ಇರುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ವೈರಸ್ ಮೊದಲ ಎರಡು ದಿನ ಯಾರ ಅಡ್ಡಿಯೂ ಇಲ್ಲದೆ ಬೆಳೆಯುತ್ತದೆ. ಅಷ್ಟು ಬೆಳೆದ ಮೇಲೆ ದೇಹಕ್ಕೆ ಎಚ್ಚರವಾದಾಗ ಪ್ರತಿಕ್ರಿಯೆ ವಿಪರೀತ ಆಗುತ್ತದೆ. ಶ್ವಾಸಕೋಶದ ಗಾಳಿಚೀಲಗಳ ಗೋಡೆಯಿಂದ ನೀರು ಸೋರುತ್ತದೆ, ನ್ಯೂಟ್ರೋಫಿಲ್‌ಗಳು ತುಂಬಿಕೊಳ್ಳುತ್ತವೆ, ಆಮ್ಲಜನಕ ರಕ್ತಕ್ಕೆ ಹೋಗಲು ಕಷ್ಟವಾಗುತ್ತದೆ. ವೈರಸ್ಸುಗಳೂ ಸುಮ್ನೆ ಇರುವುದಿಲ್ಲ. ಫ್ಲೂ ವೈರಸ್ಸಿನ ಎನ್‌ಎಸ್-1 ಎಂಬ ಪ್ರೋಟೀನಿನ ಮುಖ್ಯ ಕೆಲಸವೇ ಇಂಟರ್‌ಫೆರಾನ್ ಹೊರಡದಂತೆ ತಡೆಯುವುದು. ಕೋವಿಡ್ ವೈರಸ್ಸಿನ ಹತ್ತಿರ ಇಂಥ ಹಲವು ಪ್ರೋಟೀನುಗಳಿವೆ.

ಇಂಟರ್‌ಫೆರಾನ್ ಕೆಲಸ ಮಾಡದಿದ್ದರೆ ಕಾಯಿಲೆ ಜೋರಾಗುತ್ತದೆ ಎನ್ನುವುದಕ್ಕೆ ಕೋವಿಡ್ ಕಾಲದಲ್ಲಿ ಗಟ್ಟಿ ಪುರಾವೆ ಸಿಕ್ಕಿತು. 2020ರಲ್ಲಿ ಪ್ರಾಣಾಪಾಯದ ಸ್ಥಿತಿಗೆ ಹೋದ 987 ರೋಗಿಗಳ ರಕ್ತ ಪರೀಕ್ಷಿಸಿದಾಗ, 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನ್ ಮೇಲೆ ತಿರುಗಿಬಿದ್ದ ಆಂಟಿಬಾಡಿಗಳು ಕಂಡವು. ಕೂಗು ಹೊರಟರೂ ಪಕ್ಕದವರಿಗೆ ಕೇಳುತ್ತಿರಲಿಲ್ಲ ಎಂದಾಯಿತು. ಆ 101ರಲ್ಲಿ 95 ಗಂಡಸರು. ಮಕ್ಕಳಲ್ಲಿ ಉಲ್ಟಾ. ಅವರ ಮೂಗಿನ ಕೋಶಗಳಲ್ಲಿ ರಿಗ್-ಐ, ಎಂಡಿಎ-5 ಮೊದಲೇ ಜಾಸ್ತಿ ಇರುತ್ತವೆ ಎಂದು 2021ರ ಅಧ್ಯಯನವೊಂದು ತೋರಿಸಿತು. ಕೋವಿಡ್ ಮಕ್ಕಳನ್ನು ಅಷ್ಟಾಗಿ ಕಾಡದಿರಲು ಇದೂ ಒಂದು ಕಾರಣ ಇರಬೇಕು. ಆದರೆ ಇದನ್ನೇ ಎಲ್ಲ ವೈರಸ್ಸಿಗೂ ಅನ್ವಯಿಸಬೇಡಿ. ಆರ್‌ಎಸ್‌ವಿ ಎಂಬ ವೈರಸ್ ಕೂಸುಗಳನ್ನೇ ಹೆಚ್ಚು ಕಾಡುತ್ತದೆ. ಅವರ ಸಣ್ಣ ಶ್ವಾಸನಾಳಗಳು ಎಷ್ಟು ಕಿರಿದು ಎಂದರೆ ಸ್ವಲ್ಪ ಊತ, ಸ್ವಲ್ಪ ಲೋಳೆ ಸೇರಿದರೂ ಉಸಿರಾಟಕ್ಕೆ ತೊಂದರೆ.

ಹೊತ್ತಿನ ಮಾತು ಔಷಧಿಗೂ ಅನ್ವಯಿಸುತ್ತದೆ. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡ್ ಈ ಪ್ರತಿಕ್ರಿಯೆಯನ್ನು ತಣಿಸುತ್ತದೆ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಇದರಿಂದ ಮೂರನೇ ಒಂದರಷ್ಟು ಕಡಿಮೆಯಾಯಿತು. ಆಮ್ಲಜನಕ ಬೇಕಿಲ್ಲದವರಿಗೆ ಮಾತ್ರ ಏನೂ ಲಾಭ ಕಾಣಲಿಲ್ಲ. ದೇಹ ಇನ್ನೂ ಎಚ್ಚರಗೊಳ್ಳುತ್ತಿರುವಾಗಲೇ ಅದನ್ನು ಮಲಗಿಸಲು ಹೋದರೆ ಯಾರಿಗೆ ಲಾಭ ಹೇಳಿ? ಆದರೂ ಮಾಮೂಲಿ ಶೀತಜ್ವರಕ್ಕೆ ‘ಬೇಗ ವಾಸಿಯಾಗುವ ಇಂಜೆಕ್ಷನ್ ಹಾಕಿ’ ಎಂದು ನಾವೇ ದುಂಬಾಲು ಬೀಳುತ್ತೇವೆ. ಜ್ವರ ಬಿಟ್ಟಂತಾಗುತ್ತದೆ, ಮೈಕೈ ನೋವು ಹೋಗುತ್ತದೆ, ವೈರಸ್ ಅಲ್ಲೇ ಇರುತ್ತದೆ.

‘ಇಮ್ಯೂನಿಟಿ ಬೂಸ್ಟರ್’ ಎಂದು ಮಾರುವ ಡಬ್ಬಗಳ ಬಗ್ಗೆ ನನಗೆ ತಕರಾರು ಇರುವುದೂ ಇಲ್ಲೇ. ಏನನ್ನು ಏರಿಸುತ್ತಾರೆ? ಮೊದಲ ದಿನದ ಇಂಟರ್‌ಫೆರಾನನ್ನೋ, ಎಂಟನೆಯ ದಿನದ ಉರಿಯೂತವನ್ನೋ? ಡಬ್ಬದ ಮೇಲೆ ಬರೆದಿರುವುದಿಲ್ಲ. ಕಾಳುಮೆಣಸು, ಜೀರಿಗೆ, ಕೊತ್ತಂಬರಿಯ ಕಷಾಯದ ಬಗ್ಗೆ ತಕರಾರಿಲ್ಲ. ಬಿಸಿ ನೀರು ಒಳಗೆ ಹೋಗುತ್ತದೆ, ಗಂಟಲಿಗೆ ಹಿತ, ಖಾರಕ್ಕೆ ಮೂಗು ಸೋರಿ ಉಸಿರು ಬಿಟ್ಟಂತಾಗುತ್ತದೆ. ವೈರಸ್ ಸಾಯಿಸುತ್ತದೆ ಎನ್ನದಿದ್ದರೆ ಆಯ್ತು. ಹಬೆ ತೆಗೆದುಕೊಳ್ಳುವಾಗ ಮಾತ್ರ ಮಕ್ಕಳನ್ನು ಕುದಿಯುವ ಪಾತ್ರೆಯ ಮುಂದೆ ಕೂರಿಸಬೇಡಿ. ಪಾತ್ರೆ ಮಗುಚಿ ಸುಟ್ಟುಕೊಂಡರೆ ಶೀತಕ್ಕಿಂತ ಅದೇ ದೊಡ್ಡ ಕಷ್ಟ.

ಇಷ್ಟೆಲ್ಲ ನಡೆಯುವಾಗ ಡೆಂಡ್ರೈಟಿಕ್ ಎಂಬ ಕೋಶಗಳು ವೈರಸ್ಸಿನ ಚೂರುಗಳನ್ನು ಎತ್ತಿಕೊಂಡು ಹತ್ತಿರದ ಹಾಲುರಸ ಗ್ರಂಥಿಗೆ ಹೋಗಿರುತ್ತವೆ. ಶೀತದಲ್ಲಿ ದವಡೆಯ ಕೆಳಗೆ ಮುಟ್ಟಿದರೆ ಸಣ್ಣ ಗಂಟು ಸಿಗುತ್ತದಲ್ವಾ, ಅದೇ ಜಾಗ. ಅಲ್ಲಿ ಆ ಚೂರಿಗೆ ಸರಿಹೊಂದುವ ಟಿ ಕೋಶಗಳು (ವೈರಸ್ ಹೊಕ್ಕ ಕೋಶಗಳನ್ನು ಸಾಯಿಸುವಂಥವು) ಮತ್ತು ಬಿ ಕೋಶಗಳು (ಆಂಟಿಬಾಡಿ ತಯಾರಿಸುವಂಥವು) ಸಿಕ್ಕು, ಅವು ಸಾವಿರಗಟ್ಟಲೆ ಹೆಚ್ಚಿ, ಹೊರಗೆ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ. ವೈರಸ್ಸನ್ನು ಪೂರ್ತಿ ಗುಡಿಸಿ ಹಾಕುವುದು, ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುವುದು ಅವುಗಳ ಕೆಲಸ. ರೈನೋವೈರಸ್ಸಿನಲ್ಲಿ 160ಕ್ಕಿಂತ ಹೆಚ್ಚು ಬಗೆಗಳಿರುವುದರಿಂದ ನೆಗಡಿಯ ವಿಚಾರದಲ್ಲಿ ಆ ನೆನಪು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ವೈರಸ್ ಹೋದ ಮೇಲೂ ಕೆಮ್ಮು ಉಳಿಯುತ್ತದೆ. ರೈನೋವೈರಸ್ ಮೂಗಿನ ಪದರವನ್ನು ಹೆಚ್ಚೇನೂ ಕೆಡಿಸುವುದಿಲ್ಲ, ಆದರೆ ಫ್ಲೂ ಶ್ವಾಸನಾಳದ ಕೂದಲಿರುವ ಕೋಶಗಳನ್ನೇ ಉದುರಿಸಿ ಹಾಕುತ್ತದೆ. ಅವು ಮತ್ತೆ ಬೆಳೆಯಲು ವಾರಗಳು ಬೇಕು. ಅಲ್ಲಿಯವರೆಗೆ ಲೋಳೆಯನ್ನು ಮೇಲೆ ತರಲು ಇರುವುದು ಕೆಮ್ಮೊಂದೇ. ದಿನ ಕಳೆದಂತೆ ಕಡಿಮೆಯಾಗುತ್ತಿದ್ದರೆ ಅದಕ್ಕೆ ಎರಡನೇ ಸುತ್ತು ಮಾತ್ರೆ ಬೇಕಿಲ್ಲ. ಉಸಿರು ಕಟ್ಟಿದಂತಾದರೆ, ಜ್ವರ ಒಮ್ಮೆ ಬಿಟ್ಟು ಎರಡು ದಿನದಲ್ಲಿ ಮತ್ತೆ ಜೋರಾಗಿ ಬಂದರೆ, ತುಟಿ ನೀಲಿಯಾದರೆ, ವಯಸ್ಸಾದವರು ಏನೇನೋ ಮಾತಾಡಲು ಶುರುಮಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು ಎರಡು ವಾರ ದಾಟಿದರೂ ನಿಲ್ಲದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದೆಯೋ ಇಲ್ಲವೋ ಎಂದು ನೋಡುವ ಆ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ.